ಹೊಸ ಫ್ಲಾಟಿನ ಹಾಲ್, ಸಂತೇಬೆನ್ನೂರಿನ ಹೊಂಡ

ಹುಡುಗಿ ಮದುವೆಯಾಗಿ ಹೊಸದಾಗಿ ಫ್ಲಾಟಿನಲ್ಲಿ ಸಂಸಾರ ಹೂಡುತ್ತಾಳೆ ಅಂದರೆ ಸಾಕು, ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸೋಫಾ ತಗೊಂಡ್ರಾ?" ನೀರು ಎಷ್ಟು ಹೊತ್ತು ಬರುತ್ತೆ, ಅಡಿಗೆಮನೆಗೆ ಗಾಳಿ ಬೆಳಕು ಇದೆಯಾ, ಬಟ್ಟೆ ಒಣಗಿಸಲಿಕ್ಕೆ ಜಾಗ ಇದೆಯಾ ಅಂತ ಕೇಳುವವರು ಅಪರೂಪ. ಸೋಫಾ ಬಂದರೆ ಮನೆ ಬಂದ ಹಾಗೆ! ಸೋದರಿಯರೇ, ನೀವೇ ನೆನಪು ಮಾಡಿಕೊಳ್ಳಿ. ನಿಮ್ಮ ನೆಂಟರಿಷ್ಟರಲ್ಲಿ ಎಷ್ಟು ಮನೆಗಳ ಹಾಲ್‌ನಲ್ಲಿ ದೊಡ್ಡ ಸೋಫಾ ಸೆಟ್ಟಿನ ಪಕ್ಕದಿಂದ ಅಡ್ಡಡ್ಡ ನಡೆದುಕೊಂಡು ಒಳಗೆ ಹೋಗಿದ್ದೀರಿ?

ನನ್ನ ತಂಗಿಯ ಮಗಳು ದಾವಣಗೆರೆಯಲ್ಲಿ ಬಾಡಿಗೆಗೆ ಒಂದು ಫ್ಲಾಟು ಹಿಡಿದಳು. ಮೂರನೇ ಮಹಡಿ, ಎರಡು ಮಲಗುವ ಕೋಣೆ, 10 ಅಡಿ ಅಗಲ 16 ಅಡಿ ಉದ್ದದ ಹಾಲ್. ಕೇಳಲಿಕ್ಕೆ ಸಾಕಷ್ಟು ದೊಡ್ಡದೇ. ಆದರೆ ಅದರ ಒಂದು ಚಿಕ್ಕ ಗೋಡೆಯಲ್ಲಿ ಮುಂಬಾಗಿಲು, ಎದುರಿನ ಚಿಕ್ಕ ಗೋಡೆಯಲ್ಲಿ ಬಾಲ್ಕನಿ ಬಾಗಿಲು. ಉದ್ದ ಗೋಡೆಗಳಲ್ಲಿ ಒಂದರಲ್ಲಿ ಅಡಿಗೆಮನೆಯ ಬಾಗಿಲು, ಅದೇ ಸಾಲಿನಲ್ಲಿ ಕೋಣೆಗಳ ಕಡೆ ಹೋಗುವ ಓಣಿ. ಅಂದರೆ ಅದು ಕೂರುವ ಕೋಣೆಯಲ್ಲ, ನಾಲ್ಕು ದಾರಿ ಕೂಡುವ ಸರ್ಕಲ್ಲು! ಫ್ಲಾಟುಗಳ ಹಾಲ್‌ಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಪೂರ್ತಿ ಖಾಲಿ ಗೋಡೆ ಅಂತ ಸಿಕ್ಕುವುದು ಒಂದೇ ಒಂದು.

ಅಷ್ಟರಲ್ಲಿ ಅವಳ ಗಂಡನ ಊರಾದ ಸಂತೇಬೆನ್ನೂರಿನಿಂದ ಅವಳ ಅತ್ತೆಯವರ ಫೋನು ಬಂತು. "ದುಡ್ಡು ಯಾಕೆ ಸುರೀತೀರಿ? ಹಳೇ ಮನೇಲಿ ಬೇಕಾದಷ್ಟು ಸಾಮಾನು ಐತೆ. ಬಂದು ನೋಡಿ ತಗೊಂಡು ಹೋಗ್ರಿ." ಹುಡುಗಿಗೆ ಅನುಮಾನ. "ದೊಡ್ಡಮ್ಮ, ನೀವೂ ಬನ್ನಿ. ಬೇಡ ಅನ್ನೋದನ್ನ ನಾನೊಬ್ಬಳೇ ಹೇಳಿದರೆ ಚೆನ್ನಾಗಿರಲ್ಲ" ಅಂದಳು. ಸರಿ, ಟೇಪು, ಒಂದು ನೋಟ್‌ಬುಕ್ಕು ಹಿಡಿದು ಇಬ್ಬರೂ ಬಸ್ಸು ಹತ್ತಿದೆವು.

ಸಂತೇಬೆನ್ನೂರು ಚನ್ನಗಿರಿ ತಾಲ್ಲೂಕಿನ ಊರು. ನಮ್ಮ ವಯಸ್ಸಿನವರು ಶಿವಮೊಗ್ಗ ಜಿಲ್ಲೆ ಅಂತ ಪಾಠ ಓದಿದವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಎರಡೂ ಈ ಕಡೆ ಬಂದವು. ದಾವಣಗೆರೆಯಿಂದ ಒಂದು ಗಂಟೆಯ ದಾರಿ, ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತರೆ ಇನ್ನಷ್ಟು. ಬತ್ತದ ಗದ್ದೆ, ಅಡಿಕೆ ತೋಟ, ನಡುನಡುವೆ ಮೆಕ್ಕೆಜೋಳದ ಹೊಲ. ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ.

ಅವರ ಮನೆ ಹಳೆಯದು, ಮಣ್ಣಿನ ದಪ್ಪ ಗೋಡೆ, ಮರದ ಕಂಬ. ಆ ಕಾಲದಲ್ಲಿ ಮನೆಯನ್ನು ಅಡಿ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ, ಅಂಕಣದ ಲೆಕ್ಕ. ಎರಡು ಕಂಬಸಾಲುಗಳ ನಡುವಿನ ಜಾಗವೇ ಒಂದು ಅಂಕಣ. ಐದಂಕಣದ ಮನೆ, ಏಳಂಕಣದ ಮನೆ ಅಂದರೆ ಕೇಳಿದವರಿಗೆ ಅಂತಸ್ತು ತಿಳಿಯುತ್ತಿತ್ತು. ಇವರದು ಐದಂಕಣದ್ದು. ನಡುವೆ ಪಡಸಾಲೆ. ನೀವು ನಂಬುತ್ತೀರೋ ಇಲ್ಲವೋ, ಅಷ್ಟು ದೊಡ್ಡ ಪಡಸಾಲೆಯಲ್ಲಿ ಇದ್ದ ಸಾಮಾನು ಇಷ್ಟೇ: ಗೋಡೆಗೆ ಒರಗಿಸಿದ ಒಂದು ಬೆಂಚು, ಬೆತ್ತ ಹೆಣೆದ ಒಂದು ತೋಳಿನ ಕುರ್ಚಿ, ಮೂಲೆಯಲ್ಲಿ ಸುತ್ತಿಟ್ಟ ಚಾಪೆಗಳು, ಒಂದು ಕಂಬಳಿ ಗಂಟು. ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಬಳೆ.

ಬೆಳಿಗ್ಗೆ ಅಲ್ಲೇ ತಿಂಡಿ, ಮಧ್ಯಾಹ್ನ ಅಲ್ಲೇ ನಿದ್ದೆ, ಸಾಯಂಕಾಲ ಅಲ್ಲೇ ಮಕ್ಕಳ ಪಾಠ, ರಾತ್ರಿ ಅಲ್ಲೇ ಹಾಸಿಗೆ. ಅಡಿಕೆ ಕಾಲದಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತು ಸುಲಿಯುತ್ತಿದ್ದದ್ದೂ ಅಲ್ಲೇ. ಸುಲಿಯುವ ಯಂತ್ರ ಬರುವ ಮುಂಚಿನ ಮಾತು. ಚಾಪೆ ಹಾಸಿದರೆ ಊಟದ ಮನೆ, ಸುತ್ತಿಟ್ಟರೆ ಅಂಗಳ. ಇಂದು ಪಟ್ಟಣದ ಅಂಗಡಿಯವರು ಮಡಚುವ ಮಂಚ, ಮಡಚುವ ಮೇಜು ಅಂತ ಸಾವಿರಗಟ್ಟಲೆ ಬೆಲೆಗೆ ಮಾರುತ್ತಾರಲ್ಲ, ಆ ಬುದ್ಧಿ ನಮ್ಮಲ್ಲಿ ಚಾಪೆಯಷ್ಟು ಹಳೆಯದು.

ಹಳೇ ಮನೆಯನ್ನು ಬರೀ ಹೊಗಳುವುದೂ ಸರಿಯಲ್ಲ. ಒಂದು ವಿಷಯ ಹೇಳಲೇಬೇಕು. ಪಡಸಾಲೆಗೂ ಅಡಿಗೆಮನೆಗೂ ನಡುವಿನ ಬಾಗಿಲಿನ ಚೌಕಟ್ಟಿನಲ್ಲಿ, ಸುಮಾರು ಭುಜದ ಎತ್ತರದಲ್ಲಿ, ಮರ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ಬೇರೆ ಕಡೆ ಇಲ್ಲದ ಹೊಳಪು ಅಲ್ಲಿ ಮಾತ್ರ ಯಾಕೆ ಅಂತ ಕೇಳಿದೆ. ಹುಡುಗಿಯ ಅತ್ತೆ ನಕ್ಕರು. "ಅದು ನಮ್ಮದೇ ಕೈ ಅಕ್ಕಾರೆ. ನಮ್ಮತ್ತೆ ಅಲ್ಲೇ ನಿಲ್ತಿದ್ರು, ಆಮೇಲೆ ನಾನು ನಿಂತೆ. ಗಂಡಸ್ರು ಪಡಸಾಲೇಲಿ ಮಾತಾಡ್ತಿದ್ರೆ ನಾವು ಈ ಚೌಕಟ್ಟು ಹಿಡ್ಕೊಂಡು ಕೇಳೋದು. ಕಾಫಿ ಕೇಳಿದ್ರೆ ತಿರುಗೋದು, ಕೊಟ್ಟು ಮತ್ತೆ ಬಂದು ನಿಲ್ಲೋದು. ಈ ಮನೇಲಿ ನನ್ನದು ಅಂತ ಒಂದು ಕುರ್ಚಿ ಇರ್ಲೇ ಇಲ್ಲ."

ಅವರು ಅದನ್ನು ದುಃಖಪಟ್ಟು ಹೇಳಲಿಲ್ಲ. ಹವೆಯ ವಿಷಯ ಹೇಳಿದ ಹಾಗೆ ಹೇಳಿದರು. ಆದರೆ ನನಗೂ ಹುಡುಗಿಗೂ ಮಾತೇ ಹೊರಡಲಿಲ್ಲ. ಯಾಕೆಂದರೆ ಅವರ ಕಣ್ಣಿನ ಪೊರೆಯ ಆಪರೇಷನ್ನು ದಾವಣಗೆರೆಯಲ್ಲಿ ಮಾಡಿಸಬೇಕಿತ್ತು. ಎರಡೂ ಕಣ್ಣು ಮುಗಿಯುವ ತನಕ ಫ್ಲಾಟಿನಲ್ಲಿ ಬಂದಿರಿ ಅಂತ ಮಗ ಮೂರು ಸಲ ಕರೆದರೂ ಅವರು ಒಪ್ಪಿರಲಿಲ್ಲ. "ಅಲ್ಲಿ ನಾನೆಲ್ಲಿ ಕೂರ್ಲಿ?" ಅನ್ನುವುದೇ ಅವರ ಉತ್ತರ. ಮಗ ಅದನ್ನು ಬರೀ ನೆಪ ಅಂದುಕೊಂಡಿದ್ದ. ಚೌಕಟ್ಟು ನೋಡಿದ ಮೇಲೆ ನನಗೆ ಅದು ನೆಪ ಅನ್ನಿಸಲಿಲ್ಲ.

ಸಾಯಂಕಾಲ ಹೊಂಡ ನೋಡಲು ಹೋದೆವು. ಸಂತೇಬೆನ್ನೂರಿಗೆ ಹೋಗಿ ಹೊಂಡ ನೋಡದೆ ಬಂದರೆ ಯಾರೂ ಮೆಚ್ಚುವುದಿಲ್ಲ. ಪುಷ್ಕರಿಣಿ ಅಂತ ಪುಸ್ತಕದ ಹೆಸರು, ಊರಿನವರಿಗೆ ಹೊಂಡ. 16ನೇ ಶತಮಾನದಲ್ಲಿ ಇಲ್ಲಿ ಆಳುತ್ತಿದ್ದ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ಅದೇ ಮನೆತನದವರು ಮುಂದೆ ತರೀಕೆರೆಯ ಪಾಳೆಯಗಾರರಾದರು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ದಂಡೆಯಲ್ಲಿ ಸಣ್ಣ ಸಣ್ಣ ಮಂಟಪಗಳು. ನೀರಿನ ನಟ್ಟನಡುವೆ ಅಂತಸ್ತು ಅಂತಸ್ತಾಗಿ ಮೇಲೇರಿದ ವಸಂತ ಮಂಟಪ. ಕಮಾನು ನೋಡಿದರೆ ಬಿಜಾಪುರದ ನೆನಪು, ಒಟ್ಟು ನಿಲುವು ನೋಡಿದರೆ ಗುಡಿಯ ಗೋಪುರದ ನೆನಪು. ದಂಡೆಯ ಒಂದು ಕಡೆ, ನೀರಿಗೆ ಮುಖ ಮಾಡಿ, ಮುಸಾಫಿರ್ ಖಾನೆ. 17ನೇ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಕಡೆ ದಂಡೆತ್ತಿ ಬಂದ ಕಾಲದ ಕಟ್ಟಡ ಅದು. ಎರಡೂ ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕಟ್ಟಿಸಿದವರು ಒಬ್ಬರನ್ನೊಬ್ಬರು ಸೋಲಿಸಲು ಹೊರಟವರು. ಈಗ ಎರಡು ಕಟ್ಟಡಗಳೂ ಒಂದೇ ನೀರಿನಲ್ಲಿ ನೆರಳು ನೋಡಿಕೊಳ್ಳುತ್ತ ನಿಂತಿವೆ.

ಮಂಟಪದ ಫೋಟೋ ತೆಗೆದು ಹತ್ತು ನಿಮಿಷಕ್ಕೆ ಹಿಂತಿರುಗುವವರೇ ಹೆಚ್ಚು. ನೀವು ಹೋದರೆ ಹಾಗೆ ಮಾಡಬೇಡಿ. ಒಂದರ್ಧ ಗಂಟೆ ಸುಮ್ಮನೆ ಕೂತು, ಬಂದ ಜನ ಎಲ್ಲೆಲ್ಲಿ ಕೂರುತ್ತಾರೆ ನೋಡಿ. ನನಗಂತೂ ಇದು ಚಟ. ಬಯಲಾಗಿ ಬಿದ್ದಿರುವ ಹುಲ್ಲಿನ ನಡುವೆ ಯಾರೂ ಕೂರುವುದಿಲ್ಲ. ವಯಸ್ಸಾದವರು ನೆರಳು, ಬೆನ್ನಿಗೆ ಒಂದು ಗೋಡೆ ಹುಡುಕುತ್ತಾರೆ. ಹೆಂಗಸರು ಮೂಲೆ ಹಿಡಿಯುತ್ತಾರೆ. ಅಲ್ಲಿಂದ ನೀರೂ ಕಾಣಬೇಕು, ಒಳಗೆ ಬರುವವರು ಯಾರು ಅಂತಲೂ ಕಾಣಬೇಕು. ಹುಡುಗರು ಮೆಟ್ಟಿಲಿನ ಕೊನೆಗೆ. ಗುಂಪಾಗಿ ಬಂದವರು ಮೆಟ್ಟಿಲಿನ ಮೂಲೆಯಲ್ಲಿ, ಎರಡು ಸಾಲು ಕೂಡುವ ಕಡೆ ಕೂರುತ್ತಾರೆ, ಯಾಕೆಂದರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದು ಅಲ್ಲಿ ಮಾತ್ರ. ಒಂದೇ ಸಾಲಿನಲ್ಲಿ ಕೂತರೆ ಬಸ್ಸಿನಲ್ಲಿ ಕೂತ ಹಾಗೆ, ಮಾತು ಬೆಳೆಯುವುದಿಲ್ಲ.

ಬೆನ್ನಿಗೆ ಆಸರೆ, ಕಣ್ಣಿಗೆ ಏನಾದರೂ ನೋಟ, ಬರುವವರ ಮೇಲೆ ಒಂದು ಕಣ್ಣು, ಮಾತಾಡುವವರ ಮುಖ. ಮನುಷ್ಯರಿಗೆ ಕೂರಲು ಬೇಕಾದದ್ದು ಇಷ್ಟು. ದುಬಾರಿ ಬಟ್ಟೆಯ ಮೆತ್ತೆ ಆಮೇಲಿನ ಮಾತು.

ಇನ್ನು ಆ ಮಂಟಪ. ಅದಕ್ಕೆ ಸೇತುವೆಯಿಲ್ಲ, ಸುತ್ತ ಬರೀ ನೀರು. ಅದೇ ಮಂಟಪವನ್ನು ಪೇಟೆಯ ನಡುವೆ ಅಂಗಡಿಗಳ ಸಾಲಿನಲ್ಲಿ ನಿಲ್ಲಿಸಿ ನೋಡಿ, ಯಾರೂ ತಿರುಗಿ ನೋಡುವುದಿಲ್ಲ. ಅದರ ಅಂದ ಅರ್ಧ ಇರುವುದು ಸುತ್ತ ಬಿಟ್ಟ ಖಾಲಿ ಜಾಗದಲ್ಲಿ. "ನಮ್ಮ ಹಾಲ್‌ನಲ್ಲೂ ನೀರು ಬಿಡಬೇಕು ದೊಡ್ಡಮ್ಮ" ಅಂತ ಹುಡುಗಿ ನಗಾಡಿದಳು. ನಾನು ಹೂಂ ಅಂದೆ. ನೆಲ ಕಾಣಬೇಕು ಅನ್ನುವುದಕ್ಕೆ ಅದೇ ಸರಿಯಾದ ಮಾತು.

ಒಂದು ಸ್ವಾರಸ್ಯ ಹೇಳುತ್ತೇನೆ. ಸೋಫಾ ಅನ್ನುವುದು ಇಂಗ್ಲಿಷಿನವರ ಸ್ವಂತ ಮಾತಲ್ಲ. ಅರಬ್ಬಿಯ 'ಸುಫ್ಫಾ'ದಿಂದ ಬಂದದ್ದು. ಅದರ ಅರ್ಥ ನೆಲದಿಂದ ತುಸು ಎತ್ತರಿಸಿ ಜಮಖಾನ ಹಾಸಿದ ಕಟ್ಟೆ. ಅಂದರೆ ನಮ್ಮ ಜಗುಲಿಯೇ! ದಿವಾನ್ ಅನ್ನುವುದೂ ಪಾರಸಿಯದು. ಮೊದಲು ದರ್ಬಾರು ಸೇರುವ ಕೋಣೆಗೆ ಆ ಹೆಸರು, ಆಮೇಲೆ ಆ ಕೋಣೆಯ ಗೋಡೆಗುಂಟ ಹಾಸಿದ ಮೆತ್ತೆಗೆ. ಕುರ್ಚಿಯೂ ಅರಬ್ಬಿಯದೇ. ನಾವು ಸ್ವಂತ ಜಗುಲಿ ಒಡೆದು ಹಾಕಿ, ಅದೇ ಜಗುಲಿಯನ್ನು ಸೋಫಾ ಅಂತ ಕಂತಿನ ಮೇಲೆ ಕೊಂಡು ತರುತ್ತಿದ್ದೇವೆ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಅನ್ನುವ ಹೆಸರಾಂತ ವಾಸ್ತುಶಿಲ್ಪಿ (2007ರಲ್ಲಿ ತೀರಿಕೊಂಡರು) ತಾವು ಕಟ್ಟಿದ ಮನೆಗಳಲ್ಲಿ ಕಿಟಕಿಯ ಕೆಳಗೆ ಇಟ್ಟಿಗೆಯಲ್ಲೇ ಕೂರುವ ಕಟ್ಟೆ ಕಟ್ಟಿಬಿಡುತ್ತಿದ್ದರು. ಬಾಡಿಗೆ ಫ್ಲಾಟಿನಲ್ಲಿ ಇಟ್ಟಿಗೆ ಕಟ್ಟೆ ಕಟ್ಟಲಿಕ್ಕಾಗುವುದಿಲ್ಲ. ಆದರೆ ಕಟ್ಟೆಯ ಕೆಲಸವನ್ನು ಒಂದು ಹಳೇ ಬೆಂಚು ಮಾಡುತ್ತದೆ!

ಸಂತೇಬೆನ್ನೂರಿನ ಮನೆಯಿಂದ ನಾವು ಆರಿಸಿದ್ದು ಎರಡೇ ಸಾಮಾನು. ಒಂದು ಆ ಬೆಂಚು: ಐದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ತೇಗದ ಹಲಗೆ. ಇನ್ನೊಂದು ಬೆತ್ತದ ತೋಳಿನ ಕುರ್ಚಿ. ಅದು ಹುಡುಗಿಯ ಮಾವನವರದು, ತೀರಿಕೊಂಡು ನಾಲ್ಕು ವರ್ಷ. ಅದರಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲವಂತೆ. ದೊಡ್ಡ ಮರದ ಬೀರು, ಪಟ್ಟೆ ಮಂಚ ಎರಡನ್ನೂ ತಗೊಂಡು ಹೋಗಿ ಅಂತ ಒತ್ತಾಯ ಬಂತು. ಟೇಪು ಹಿಡಿದು ಅಳತೆ ತೋರಿಸಿ, ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಇವು ತಿರುಗುವುದಿಲ್ಲ ಅಂತ ವಿವರಿಸಿದಾಗ ಯಾರಿಗೂ ಬೇಸರವಾಗಲಿಲ್ಲ. ಬೇಡ ಅನ್ನುವ ಮಾತನ್ನು ಟೇಪಿನ ಬಾಯಲ್ಲಿ ಹೇಳಿಸಿದರೆ ಸಂಬಂಧ ಕೆಡುವುದಿಲ್ಲ, ನೆನಪಿಡಿ.

ಈಗ ಫ್ಲಾಟಿನ ಲೆಕ್ಕಕ್ಕೆ ಬರೋಣ. ಹುಡುಗಿಯ ಗಂಡನಿಗೆ ಅಂಗಡಿಯಲ್ಲಿ ನೋಡಿದ ಎಲ್ ಆಕಾರದ ಸೋಫಾದ ಮೇಲೆ ಮನಸ್ಸು. ನಾನು ಬೇಡ ಅನ್ನಲಿಲ್ಲ. ಹಳೇ ದಿನಪತ್ರಿಕೆ ತಂದು ಅಂಟಿಸಿ, ಸೋಫಾದ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ ಅಂದೆ. ನೀವೂ ಹಣ ಕೊಡುವ ಮುಂಚೆ ಇದೊಂದು ಮಾಡಿ. ಖರ್ಚು ನಾಲ್ಕು ಹಾಳೆ, ಸ್ವಲ್ಪ ಮೈದಾ ಅಂಟು. ಸೋಫಾದ ಆಳ 3 ಅಡಿ. ಅದಕ್ಕೂ ಟೀಪಾಯಿಗೂ ನಡುವೆ ಮೊಣಕಾಲಿಗೆ ಒಂದೂವರೆ ಅಡಿ ಬೇಕು. ಟೀಪಾಯಿ 2 ಅಡಿ. ಆಮೇಲೆ ಜನ ಓಡಾಡುವ ದಾರಿಗೆ 3 ಅಡಿ. ಎದುರು ಗೋಡೆಗೆ ಟಿ.ವಿ. ಸ್ಟ್ಯಾಂಡು ಒಂದೂವರೆ ಅಡಿ. ಕೂಡಿಸಿ ನೋಡಿ, 11 ಅಡಿ. ಹಾಲ್ ಇರುವುದು 10! ಆ ಒಂದು ಅಡಿ ಎಲ್ಲಿಂದ ಕದಿಯುತ್ತೀರಿ? ದಾರಿಯಿಂದಲೇ ತಾನೇ. ಆ ದಾರಿಯಲ್ಲಿ ದಿನಕ್ಕೆ ನಲವತ್ತು ಸಲ ತಟ್ಟೆ ಲೋಟ ಹಿಡಿದು ಓಡಾಡುವವರು ಯಾರು? ನಾವೇ.

ಪತ್ರಿಕೆಯ ಸೋಫಾ ಅಡಿಗೆಮನೆಯ ಬಾಗಿಲ ಹತ್ತಿರದವರೆಗೂ ಬಂದು ನಿಂತಿತ್ತು. ಹುಡುಗ ಒಂದು ಸಲ ಕಾಫಿ ಲೋಟ ಹಿಡಿದು ನಡೆದು ನೋಡಿದ. ಮತ್ತೆ ಸೋಫಾದ ಮಾತು ಎತ್ತಲಿಲ್ಲ.

ಮೊದಲು ದಾರಿ ಗುರುತಿಸಿಕೊಂಡೆವು. ಮುಂಬಾಗಿಲಿನಿಂದ ಬಾಲ್ಕನಿಯವರೆಗೆ, ಅಡಿಗೆಮನೆಯ ಬಾಗಿಲ ಮುಂದೆಯೇ ಹಾಯ್ದು, 3 ಅಡಿ ಅಗಲದ ಪಟ್ಟಿ ಖಾಲಿ. ಅಲ್ಲಿ ಸ್ಟೂಲು ಕೂಡ ಇಡುವ ಹಾಗಿಲ್ಲ. ಎದುರಿನ ಖಾಲಿ ಗೋಡೆಗೆ ಬೆಂಚು, ಅದರ ಮೇಲೆ ಹತ್ತಿಯ ಮೆತ್ತೆ, ಬೆನ್ನಿಗೆ ಎರಡು ದಿಂಬು. ರಾತ್ರಿ ಯಾರಾದರೂ ಬಂದರೆ ಹಾಸುವ ಹಾಸಿಗೆ ಸುತ್ತಿ ಬೆಂಚಿನ ಕೆಳಗೆ. ಬೆಂಚಿಗೆ ಮೂಲೆಯಾಗಿ, ಹೊಂಡದ ಮೆಟ್ಟಿಲು ಕೂಡುವ ಹಾಗೆ, ಎರಡು ಹಗುರ ಕುರ್ಚಿ. ಮಾತಾಡುವವರ ನಡುವೆ 8 ಅಡಿಗಿಂತ ಹೆಚ್ಚು ದೂರ ಇರಬಾರದು, ಇದ್ದರೆ ಗಂಟಲು ಏರಿಸಬೇಕಾಗುತ್ತದೆ. ಟೀಪಾಯಿ ಕೊಳ್ಳಲಿಲ್ಲ, ಒಂದರೊಳಗೊಂದು ಸೇರುವ ಮೂರು ಸ್ಟೂಲು ಸಾಕಾಯಿತು, ನೆಂಟರು ಹೋದ ಮೇಲೆ ಮೂಲೆಗೆ. ಟಿ.ವಿ. ಗೋಡೆಗೆ ಹಾಕುವುದಕ್ಕೆ ಮಾಲೀಕರನ್ನು ಕೇಳಿ ಒಪ್ಪಿಗೆ ಪಡೆದದ್ದಾಯಿತು. ಬಾಡಿಗೆ ಮನೆಯಲ್ಲಿ ಕೇಳದೆ ಮೊಳೆ ಹೊಡೆದು ಆಮೇಲೆ ಮುಂಗಡದಲ್ಲಿ ಕಳೆಸಿಕೊಳ್ಳಬೇಡಿ.

ನಮ್ಮ ತಲೆ ತಿಂದದ್ದು ಬೆತ್ತದ ಕುರ್ಚಿ. ವಯಸ್ಸಾದವರಿಗೆ ತಗ್ಗಿನ ಸೋಫಾ ಶತ್ರು. ಒಳಗೆ ಹುದುಗಿಹೋದರೆ ಏಳಲಿಕ್ಕೆ ಯಾರಾದರೂ ಕೈ ಕೊಡಬೇಕು. ಕೂರುವ ಹಲಗೆ ನೆಲದಿಂದ 18 ಅಂಗುಲಕ್ಕೆ ಕಡಿಮೆ ಇರದೆ, ಊರಿ ಏಳಲು ಎರಡು ಗಟ್ಟಿ ತೋಳು ಇರಬೇಕು. ಬೆತ್ತದ ಕುರ್ಚಿಗೆ ಎರಡೂ ಇದ್ದವು. ದಾವಣಗೆರೆಯಲ್ಲೇ ಬೆತ್ತ ಹೊಸದಾಗಿ ಹೆಣೆಸಿದೆವು. ಆದರೆ ಎಲ್ಲಿಡುವುದು? ಟಿ.ವಿ.ಯ ಎದುರಿಗೆ ಅಂದ ಹುಡುಗ. ಹುಡುಗಿ ಬೇಡ ಅಂದಳು. ಬಾಲ್ಕನಿಯ ಹತ್ತಿರ, ಬೆನ್ನು ಗೋಡೆಗೆ, ಮುಖ ಒಳಗೆ. ಅಲ್ಲಿಂದ ಮುಂಬಾಗಿಲು ಕಾಣುತ್ತದೆ, ಅಡಿಗೆಮನೆಯ ಒಲೆ ಕಾಣುತ್ತದೆ, ಬೆಳಕು ಭುಜದ ಮೇಲಿಂದ ಬೀಳುತ್ತದೆ. ಕಣ್ಣಿಗೆ ಆಪರೇಷನ್ ಆದವರ ಎದುರಿಗೇ ಕಿಟಕಿಯ ಪ್ರಖರ ಬೆಳಕು ಹೊಡೆಯಬಾರದು ನೋಡಿ.

ಅತ್ತೆ ಬಂದರು. ಮೊದಲ ದಿನ ನೆಲದಲ್ಲಿ ಕೂತರು. ಎರಡನೇ ದಿನ ಬೆಂಚಿನ ತುದಿಯಲ್ಲಿ. "ಅವರ ಕುರ್ಚೀಲಿ ನಾನು ಕೂತೇ ಇಲ್ಲ" ಅಂತ ಒಂದೇ ಮಾತು. ಒತ್ತಾಯ ಮಾಡಬೇಡಿ ಅಂತ ನಾನು ಹೇಳಿದ್ದೆ. ಮೂರನೇ ದಿನ ಸೊಸೆ ಒಂದು ಮೊರದಲ್ಲಿ ಅವರೆಕಾಯಿ ತಂದು, ಬೆಂಚಿನ ಮೇಲೆಲ್ಲ ಒಗೆದ ಬಟ್ಟೆ ಹರಡಿಬಿಟ್ಟಳಂತೆ! ಕಾಯಿ ಬಿಡಿಸಲಿಕ್ಕೆ ಬೆಳಕು ಬೇಕಲ್ಲ, ಅತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಆಪರೇಷನ್ ಎರಡೂ ಕಣ್ಣಿಗೆ ಚೆನ್ನಾಗಿ ಆಯಿತು. ಎರಡು ತಿಂಗಳು ಇದ್ದರು. ಆ ಕುರ್ಚಿಯಿಂದಲೇ ಸೊಸೆಗೆ ಸಾರಿಗೆ ಉಪ್ಪು ಹೇಳುವುದು, ಬಾಗಿಲಿಗೆ ಬಂದ ಹೂವಿನವಳ ಹತ್ತಿರ ಚೌಕಾಸಿ, ಮಗನ ಸ್ನೇಹಿತರು ಬಂದರೆ ಅವರ ಜೊತೆಗೂ ಮಾತು.

ಇಷ್ಟೆಲ್ಲ ಆಗುವಾಗ ಒಂದು ಕುರ್ಚಿ ಬಾಕಿ ಇತ್ತು. "ಇವರದು ಇಲ್ಲಿ, ಅತ್ತೇದು ಅಲ್ಲಿ, ಬಂದವರಿಗೆ ಬೆಂಚು" ಅಂತ ಹುಡುಗಿ ಬೆರಳು ಮಡಚಿ ಎಣಿಸಿದಳು. ನಿನ್ನದು? ಅಂದೆ. "ನಂಗೇನು ದೊಡ್ಡಮ್ಮ, ಎಲ್ಲಾದ್ರೂ" ಅಂದಳು. ಎಲ್ಲಾದರೂ ಅಂದರೆ ಮತ್ತೆ ಅದೇ ಚೌಕಟ್ಟು! ಈಗಿನ ಬಾಗಿಲಿಗೆ ಸನ್‌ಮೈಕಾ ಇರುವುದರಿಂದ ಕೈಯ ಹೊಳಪು ಕಾಣಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಎರಡು ಹಗುರ ಕುರ್ಚಿಗಳಲ್ಲಿ ಒಂದನ್ನು ಅಡಿಗೆಮನೆಯ ಬಾಗಿಲಿಗೆ ಎದುರಾಗಿ, ಬೆಂಚಿನ ಈಚೆಗೆ ಇಟ್ಟೆವು. ಪಕ್ಕದಲ್ಲಿ ಅವಳ ಕನ್ನಡಕ, ಹೊಲಿಗೆಯ ಡಬ್ಬ, ಓದುವ ಪುಸ್ತಕ ಇಡಲು ಒಂದು ಸ್ಟೂಲು. ಕುಕ್ಕರಿನ ಸೀಟಿ ಅಲ್ಲಿಂದಲೇ ಎಣಿಸಬಹುದು, ಮಾತಿನಲ್ಲೂ ಇರಬಹುದು. ಆ ಸ್ಟೂಲಿನ ಮೇಲೆ ಗಂಡ ತನ್ನ ಬೈಕಿನ ಕೀಲಿಕೈ ಎಸೆಯುವಂತಿಲ್ಲ ಅಂತ ನಾನೇ ಕಟ್ಟಪ್ಪಣೆ ಮಾಡಿ ಬಂದೆ.

ಬೆಂಚು, ಕುರ್ಚಿ ತರಲು ಟೆಂಪೋ ಬಾಡಿಗೆ, ಬೆತ್ತ ಹೆಣೆಸಿದ್ದು, ಮೆತ್ತೆ, ಪರದೆ ಎಲ್ಲ ಸೇರಿದರೂ ಆ ಸೋಫಾದ ಅರ್ಧ ಬೆಲೆ ಆಗಲಿಲ್ಲ. ಉಳಿದ ದುಡ್ಡಿನಲ್ಲಿ ಬಾಲ್ಕನಿಗೆ ಸೊಳ್ಳೆ ಪರದೆಯ ಬಾಗಿಲು ಹಾಕಿಸಿದರು. ಪರದೆಯ ಬಣ್ಣದ ವಿಷಯದಲ್ಲಿ ನನ್ನದು ಒಂದೇ ಸಲಹೆ: ತೆಳು ಬಣ್ಣ, ಮನೆಯಲ್ಲೇ ಒಗೆಯಲು ಬರುವ ಹತ್ತಿ ಬಟ್ಟೆ. ಚಪ್ಪಲಿ ಸ್ಟ್ಯಾಂಡು ಬಾಗಿಲ ಹಿಂದೆ ಬೇಡ, ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಸಂತೇಬೆನ್ನೂರಿಗೆ ಹೋಗುವವರು ದಾವಣಗೆರೆಯಿಂದ ಬೆಳಿಗ್ಗೆ ಹೊರಟು, ಬಿಸಿಲು ಏರುವ ಮುಂಚೆ ಹೊಂಡ ನೋಡಿಬಿಡಿ, ಇಲ್ಲವೇ ನಾಲ್ಕರ ಮೇಲೆ ಹೋಗಿ. ನಡು ಮಧ್ಯಾಹ್ನ ಕಲ್ಲಿನ ಮೆಟ್ಟಿಲು ಕಾಲು ಸುಡುತ್ತದೆ. ಮೊಮ್ಮಕ್ಕಳಿದ್ದರೆ ಕೈ ಬಿಡಬೇಡಿ, ನೀರು ಆಳವಿದೆ. ಅದೇ ತಾಲ್ಲೂಕಿನಲ್ಲಿರುವ ಸೂಳೆಕೆರೆಯನ್ನೂ ಸೇರಿಸಿಕೊಂಡರೆ ಒಂದು ದಿನ ತುಂಬುತ್ತದೆ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಳ್ಳಿ. ವಾಪಸು ಬರುವಾಗ ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಹೇಗೂ ಸಿಕ್ಕೇ ಸಿಕ್ಕುತ್ತದೆ.